ಜೆ.ಟಿ. ಸಂಡರ್‌ಲ್ಯಾಂಡ್: ಧರ್ಮಬೋಧಕನ ಲೇಖನಿ ಮತ್ತು ಭಾರತ

ಭಾರತದ ಸ್ವಾತಂತ್ರ್ಯದ ಪರವಾಗಿ ದನಿಯೆತ್ತಿದ ಅಮೆರಿಕನ್ನರಲ್ಲಿ ಜೇಬೆಜ್ ಥಾಮಸ್ ಸಂಡರ್‌ಲ್ಯಾಂಡ್ (1842–1936) ಅವರ ಸ್ಥಾನ ವಿಶಿಷ್ಟವಾದುದು. ಅವರು ರಾಜಕಾರಣಿಯಲ್ಲ, ಧರ್ಮಬೋಧಕರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಹೋದ ಅವರು ಮೊದಲು ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದರು. ದೇವರ ಏಕತ್ವವನ್ನು ನಂಬಿ ತ್ರಿತ್ವವನ್ನು ನಿರಾಕರಿಸುವ ಯುನಿಟೇರಿಯನ್ ಪಂಥವನ್ನು 1872ರಲ್ಲಿ ಸೇರಿದರು. 1878ರಿಂದ ಎರಡು ದಶಕಗಳ ಕಾಲ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಸೇವೆ ಸಲ್ಲಿಸುತ್ತ, ಬೈಬಲ್ಲಿನ ಉಗಮ ಹಾಗೂ ಬೆಳವಣಿಗೆಯನ್ನು ಇತಿಹಾಸದ ದೃಷ್ಟಿಯಿಂದ ವಿವೇಚಿಸುವ ಗ್ರಂಥಗಳನ್ನು ಬರೆದರು. ಪೂಜ್ಯವೆನಿಸಿದ್ದನ್ನೂ ಸಾಕ್ಷ್ಯದ ಒರೆಗೆ ಹಚ್ಚುವುದು ಅವರ ಕ್ರಮವಾಗಿತ್ತು.

ಬ್ರಿಟಿಷ್ ಯುನಿಟೇರಿಯನ್ನರ ಪರವಾಗಿ 1895–96ರಲ್ಲಿ ಅವರು ಭಾರತಕ್ಕೆ ಬಂದರು. ಬ್ರಹ್ಮಸಮಾಜದವರೊಡನೆ ಒಡನಾಡಿದರು, ಹಾಜೊಮ್ ಕಿಸ್ಸೊರ್ ಸಿಂಗ್ ಅವರು ಖಾಸಿ ಬೆಟ್ಟಗಳಲ್ಲಿ ಕಟ್ಟಿದ್ದ ಯುನಿಟೇರಿಯನ್ ಸಮುದಾಯವನ್ನು ಕಂಡರು, 1895ರ ಪುಣೆ ಕಾಂಗ್ರೆಸ್ ಅಧಿವೇಶನದಲ್ಲಿಯೂ ಉಪಸ್ಥಿತರಿದ್ದರು. ಧಾರ್ಮಿಕ ಸ್ಥಿತಿಯ ಅಧ್ಯಯನಕ್ಕೆಂದು ಬಂದವರ ಗಮನ ಜನರ ಬಡತನದತ್ತ ಹರಿಯಿತು.

ಈ ತಿರುವಿನ ಫಲವೇ ಭಾರತದ ಕ್ಷಾಮಗಳ ಕಾರಣಗಳನ್ನು ಕುರಿತು ಅವರು 1904ರ ಸುಮಾರಿಗೆ ಬರೆದ ಪ್ರಬಂಧ. ಮಳೆಯ ಅಭಾವ ಮತ್ತು ಜನಸಂಖ್ಯೆಯ ಹೆಚ್ಚಳವೇ ಕ್ಷಾಮಕ್ಕೆ ಕಾರಣವೆಂಬ ವಾದವನ್ನು ಅವರು ಒಪ್ಪಲಿಲ್ಲ. ಒಂದು ಪ್ರಾಂತದಲ್ಲಿ ಬೆಳೆ ನಾಶವಾದರೂ ಮತ್ತೊಂದರಲ್ಲಿ ಧಾನ್ಯವಿರುತ್ತಿತ್ತು. ಅದನ್ನು ಸಾಗಿಸಲು ರೈಲೂ ಇತ್ತು. ಇಲ್ಲದಿದ್ದುದು ಕೊಳ್ಳುವ ಶಕ್ತಿ. ಆ ಶಕ್ತಿಯನ್ನು ಉಡುಗಿಸಿದ್ದು ಭಾರವಾದ ತೆರಿಗೆ, ದೇಶೀ ಕೈಗಾರಿಕೆಗಳ ನಾಶ ಹಾಗೂ ಇಂಗ್ಲೆಂಡಿಗೆ ಹರಿದುಹೋಗುತ್ತಿದ್ದ ಸಂಪತ್ತು ಎಂದು ಅವರು ಪ್ರತಿಪಾದಿಸಿದರು. ದಾದಾಭಾಯಿ ನವರೋಜಿ ಮೊದಲಾದವರು ಮಂಡಿಸಿದ್ದ ಈ ವಿಚಾರ ಸಂಡರ್‌ಲ್ಯಾಂಡರ ಸ್ವಂತದ್ದಲ್ಲ. ಬ್ರಿಟಿಷ್ ಅಧಿಕಾರಿಗಳ ಹೇಳಿಕೆಗಳನ್ನೇ ಸಾಕ್ಷ್ಯವಾಗಿಸಿ ಅದನ್ನು ಅಮೆರಿಕದ ಓದುಗರಿಗೆ ಮುಟ್ಟಿಸಿದ್ದು ಅವರ ಸಾಧನೆ.

1913–14ರಲ್ಲಿ ಅವರು ಮತ್ತೊಮ್ಮೆ ಭಾರತಕ್ಕೆ ಬಂದರು. ಮುಂದೆ ಲಾಲಾ ಲಜಪತರಾಯರು ಅಮೆರಿಕದಲ್ಲಿದ್ದಾಗ ಅವರ ಕಾರ್ಯಕ್ಕೆ ನೆರವಾದರು. ಭಾರತದ ಸ್ವಾತಂತ್ರ್ಯದ ಹಕ್ಕನ್ನು ಸಮರ್ಥಿಸುವ ಅವರ ‘ಇಂಡಿಯಾ ಇನ್ ಬಾಂಡೇಜ್’ ಕೃತಿಯನ್ನು ‘ಮಾಡರ್ನ್ ರಿವ್ಯೂ’ ಸಂಪಾದಕ ರಮಾನಂದ ಚಟರ್ಜಿ ಕಲ್ಕತ್ತೆಯಲ್ಲಿ ಪ್ರಕಟಿಸಿದರು. 1929ರಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ರಾಜದ್ರೋಹದ ಆರೋಪದ ಮೇಲೆ ಚಟರ್ಜಿಯವರಿಗೆ ದಂಡ ವಿಧಿಸಲಾಯಿತು. ಸಾಗರದಾಚೆ ಬರೆದ ಬರವಣಿಗೆಯ ಬೆಲೆಯನ್ನು ಇಲ್ಲಿನ ಪ್ರಕಾಶಕರು ತೆರಬೇಕಾಯಿತು.

1936ರಲ್ಲಿ ಸಂಡರ್‌ಲ್ಯಾಂಡ್ ನಿಧನರಾದಾಗ ಭಾರತದ ಬಿಡುಗಡೆಗೆ ಇನ್ನೂ ಹನ್ನೊಂದು ವರ್ಷಗಳಿದ್ದವು. ಅವರ ಬದುಕಿನಲ್ಲಿ ಧರ್ಮಬೋಧನೆ ಮತ್ತು ರಾಜಕೀಯ ಬರವಣಿಗೆ ಬೇರೆ ಬೇರೆಯಾಗಿರಲಿಲ್ಲ. ಧರ್ಮಗ್ರಂಥವನ್ನೇ ಪ್ರಶ್ನಿಸಲು ಅಂಜದ ವಿವೇಚನೆ, ಸಾಮ್ರಾಜ್ಯದ ಉಪಕಾರದ ಮಾತನ್ನು ಪ್ರಶ್ನಿಸದೆ ಬಿಡಲಿಲ್ಲ.