ನಿದ್ರೆಯಿಂದ ಎಬ್ಬಿಸುವ ತಲೆನೋವು: ರೋಗನಿರ್ಣಯ ಹೇಗೆ?

ನಿದ್ರೆಯಲ್ಲಿ ಮಾತ್ರ ಕಾಣಿಸಿಕೊಂಡು ರೋಗಿಯನ್ನು ಎಚ್ಚರಗೊಳಿಸುವ ತಲೆನೋವಿಗೆ ‘ಹಿಪ್ನಿಕ್ ತಲೆನೋವು’ ಎಂದು ಹೆಸರು. 1988ರಲ್ಲಿ ಅಮೆರಿಕದ ನರರೋಗತಜ್ಞ ನೀಲ್ ರಾಸ್ಕಿನ್ ಇದನ್ನು ಮೊದಲು ವಿವರಿಸಿದರು. ಸಾಮಾನ್ಯವಾಗಿ 50 ವರ್ಷ ದಾಟಿದವರಲ್ಲಿ ಆರಂಭವಾಗುತ್ತದೆ. ಹಲವರಲ್ಲಿ ರಾತ್ರಿಯ ಒಂದೇ ವೇಳೆಗೆ ಬರುವುದರಿಂದ ‘ಅಲಾರಾಂ ತಲೆನೋವು’ ಎಂಬ ಅಡ್ಡಹೆಸರೂ ಇದಕ್ಕುಂಟು.

2018ರ ಅಂತಾರಾಷ್ಟ್ರೀಯ ವರ್ಗೀಕರಣದಂತೆ, ನೋವು ತಿಂಗಳಿಗೆ ಕನಿಷ್ಠ 10 ದಿನ, 3 ತಿಂಗಳಿಗೂ ಹೆಚ್ಚು ಕಾಲ ಮರುಕಳಿಸಿರಬೇಕು. ಎಚ್ಚರವಾದ ಬಳಿಕ 15 ನಿಮಿಷದಿಂದ 4 ಗಂಟೆಯವರೆಗೆ ಇರಬೇಕು. ಕಣ್ಣಲ್ಲಿ ನೀರು, ಮೂಗು ಕಟ್ಟುವಿಕೆ, ಚಡಪಡಿಕೆ ಇದ್ದರೆ ಅದು ಕ್ಲಸ್ಟರ್ ತಲೆನೋವಾಗಿರುವ ಸಾಧ್ಯತೆ ಹೆಚ್ಚು.

ಆದರೆ ಬೇರೆ ಕಾರಣಗಳನ್ನು ತಳ್ಳಿಹಾಕದೆ ಈ ಹೆಸರು ಕೊಡುವಂತಿಲ್ಲ. ನಿದ್ರೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ, ರಾತ್ರಿ ಏರುವ ರಕ್ತದೊತ್ತಡ, ಮಧುಮೇಹಿಗಳಲ್ಲಿ ಸಕ್ಕರೆಯ ಕುಸಿತ, ನೋವಿನ ಮಾತ್ರೆಗಳ ಅತಿಬಳಕೆ, ಅಪರೂಪಕ್ಕೆ ಮೆದುಳಿನ ಗೆಡ್ಡೆ—ಇವೂ ನಿದ್ರೆ ಕೆಡಿಸಬಲ್ಲವು. ಆದ್ದರಿಂದಲೇ ಮೆದುಳಿನ ಎಂಆರ್‌ಐ, 24 ಗಂಟೆಗಳ ರಕ್ತದೊತ್ತಡ ದಾಖಲೆ, ಗೊರಕೆಯಿದ್ದರೆ ನಿದ್ರಾ ಪರೀಕ್ಷೆ ಅಗತ್ಯವಾಗುತ್ತವೆ. ನೋವು ಬಂದ ವೇಳೆಯನ್ನು ರೋಗಿಯೇ ಬರೆದಿಟ್ಟರೆ ವೈದ್ಯರ ಅರ್ಧ ಕೆಲಸ ಹಗುರ.

ವಿಚಿತ್ರವೆಂದರೆ, ಮಲಗುವ ಮುನ್ನ ಕುಡಿದ ಕಾಫಿಯೇ ಹಲವರಿಗೆ ಔಷಧಿ! ಆದರೆ ಇಳಿವಯಸ್ಸಿನಲ್ಲಿ ಹೊಸದಾಗಿ ಬಂದ ತಲೆನೋವಿನೊಡನೆ ಕಣತಲೆಯಲ್ಲಿ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಅದು ರಕ್ತನಾಳದ ಉರಿಯೂತವಾಗಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗುವ ಅಪಾಯವಿರುವುದರಿಂದ ಅದೇ ದಿನ ವೈದ್ಯರನ್ನು ಕಾಣಬೇಕು.