ಉಳಿದ ನಿಮಿಷ ಯಾರ ಜೇಬಿಗೆ?

ಕರಾವಳಿಯಲ್ಲಿ ಹಳೇ ಮನೆ ಕೆಡವುವಾಗ ಇಳಿಸಿದ ಹಂಚನ್ನು ಒಮ್ಮೆ ತಿರುಗಿಸಿ ನೋಡಿ. ಬಾಸೆಲ್ ಮಿಷನ್ ಹೆಸರು, ಜೊತೆಗೆ 1865 ಅನ್ನುವ ಇಸವಿ ಕಂಡರೆ ಮನೆಯವರು ಹಿಗ್ಗಿ ಹೋಗ್ತಾರೆ. 'ನಮ್ಮ ಹಂಚಿಗೆ ನೂರೈವತ್ತು ವರ್ಷ ದಾಟಿದೆ' ಅಂತ ವಾಟ್ಸ್‌ಆ್ಯಪ್ ಸ್ಟೇಟಸ್ ಬೀಳುತ್ತದೆ. ಸ್ವಲ್ಪ ತಾಳಿ. ಅದು ಹಂಚು ಹುಟ್ಟಿದ ವರ್ಷ ಅಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ದಶಕಗಟ್ಟಲೆ ಅದೇ ಇಸವಿಯನ್ನು ಅಚ್ಚಿನಲ್ಲಿ ಒತ್ತುತ್ತಲೇ ಇದ್ದರು. ಅಚ್ಚು ಒಂದು, ಹಂಚು ಲಕ್ಷ ಲಕ್ಷ. ನಾನು ಇವತ್ತು ಹೇಳಹೊರಟಿರೋದು ಈ 'ಅಚ್ಚು ಒಂದು, ಹಂಚು ಲಕ್ಷ' ಅನ್ನುವ ವಿದ್ಯೆಯ ಬಗ್ಗೆ. ಅದಕ್ಕೆ ಇವತ್ತಿನ ಕಾಲೇಜುಗಳಲ್ಲಿ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂತ ಹೆಸರು.

ಸಿವಿಲ್ ಇಂಜಿನಿಯರ್ ಅಂದ್ರೆ ಸೇತುವೆ. ಮೆಕ್ಯಾನಿಕಲ್ ಅಂದ್ರೆ ಯಂತ್ರ. ಕಂಪ್ಯೂಟರ್ ಸೈನ್ಸ್ ಅಂದ್ರೆ ಬೆಂಗಳೂರು. ಇಂಡಸ್ಟ್ರಿಯಲ್ ಇಂಜಿನಿಯರ್ ಅಂದ್ರೆ ಏನು ಅಂತ ಕೇಳಿದರೆ ಹೆಣ್ಣು ಕೊಡುವ ಮಾವನಿಗೂ ಗೊತ್ತಿರಲ್ಲ. ಸುಲಭವಾಗಿ ಹೇಳ್ತೀನಿ. ಯಂತ್ರವನ್ನಲ್ಲ, ಕೆಲಸವನ್ನೇ ರಿಪೇರಿ ಮಾಡುವವರು ಇವರು. ಒಂದು ವಸ್ತು ಎಷ್ಟು ಕೈ ದಾಟಿ ಬರುತ್ತದೆ, ಎಲ್ಲಿ ಸುಮ್ಮನೆ ಕೂತಿರುತ್ತದೆ, ಕೆಲಸಗಾರ ಎಷ್ಟು ಸಲ ಬಗ್ಗುತ್ತಾನೆ, ಎಷ್ಟು ಹೆಜ್ಜೆ ನಡೀತಾನೆ, ಅದರಲ್ಲಿ ಯಾವುದು ಬೇಕು, ಯಾವುದು ದಂಡ. ಇದನ್ನು ಅಳೆದು, ದಂಡವಾದದ್ದನ್ನು ತೆಗೆಯುವುದು ಅವರ ಕಸುಬು.

ಹೆಸರು ಅಮೆರಿಕದ್ದು. ಆದರೆ ಆ ಹೆಸರು ಹುಟ್ಟುವ ಮೊದಲೇ ಕೆಲಸ ನೇತ್ರಾವತಿ ದಡಕ್ಕೆ ಬಂದಿತ್ತು.

ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಷನರಿ ಮಂಗಳೂರಿನಲ್ಲಿ ಮೊದಲು ನೋಡಿಕೊಂಡದ್ದು ಬಾಸೆಲ್ ಮಿಷನ್‌ನ ಮುದ್ರಣಾಲಯವನ್ನು. 1841ರಲ್ಲಿ ಶುರುವಾದ ಪ್ರೆಸ್ ಅದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಹಾಗಾಗಿ ಟೀವಿಯಲ್ಲಿ ಕೂತು ಸುದ್ದಿ ಓದುವ ನಮಗೂ ಆ ಅಚ್ಚುಕೂಟದ ಋಣ ಇದೆ. ಅಕ್ಷರದ ಅಚ್ಚು ನೋಡಿಕೊಳ್ಳುತ್ತಿದ್ದ ಈ ಮನುಷ್ಯ ಮುಂದೆ ಮಣ್ಣಿನ ಅಚ್ಚಿಗೆ ಕೈ ಹಾಕಿದರು. 1865ರಲ್ಲಿ ಜಪ್ಪುವಿನಲ್ಲಿ, ಮೋರ್ಗನ್ಸ್ ಗೇಟ್ ಕಡೆ, ಹಂಚಿನ ಕಾರ್ಖಾನೆ ಎದ್ದಿತು.

ಒಂದು ಸತ್ಯ ಒಪ್ಪಿಕೊಳ್ಳೋಣ. ಮಂಗಳೂರು ಹಂಚಿನ ವಿನ್ಯಾಸ ಮಂಗಳೂರಿನದ್ದಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು. ನಮ್ಮದು ಅದೇ ಕುಟುಂಬದ ಕುಡಿ. ಮಂಗಳೂರಿನ ಹೆಚ್ಚುಗಾರಿಕೆ ಇರೋದು ಬೇರೆ ಕಡೆ. ನಮ್ಮ ಕುಂಬಾರರು ತಿಗರಿಯಲ್ಲಿ ಮಾಡುತ್ತಿದ್ದ ನಾಡಹಂಚು ನೆನಪಿಸಿಕೊಳ್ಳಿ. ಒಂದರ ಹಾಗೆ ಇನ್ನೊಂದಿಲ್ಲ. ಬೆಕ್ಕು ಓಡಾಡಿದರೆ ಜರುಗುತ್ತದೆ, ಮಂಗ ಬಂದರೆ ಕೇಳುವುದೇ ಬೇಡ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹಂಚು ಕೈಯಾಡಿಸಬೇಕು. ಮುಳಿಹುಲ್ಲಿನ ಮಾಡಾದರೆ ಹುಲ್ಲನ್ನೇ ಹೊಸದಾಗಿ ಹೊದೆಸಬೇಕು. ಅಚ್ಚಿನ ಹಂಚು ಬಂದ ಮೇಲೆ ಏನಾಯಿತು? ಹಂಚಿನ ಅಳತೆ ಗೊತ್ತು, ಆದ್ದರಿಂದ ರೀಪಿನಿಂದ ರೀಪಿಗೆ ಎಷ್ಟು ದೂರ ಅಂತ ಬಡಗಿಗೂ ಗೊತ್ತು. ಒಂದು ಒಡೆದರೆ ಅದನ್ನೊಂದೇ ತೆಗೆದು ಬೇರೆ ಹಾಕಬಹುದು. ಜಪ್ಪುವಿನಲ್ಲಿ ಮಾಡಿದ್ದು ಮುಂಬಯಿಯ ಮಾಡಿಗೂ ಕೂರುತ್ತದೆ. ಬಿಡಿಭಾಗ ಅನ್ನುವ ಕಲ್ಪನೆ ನಮ್ಮ ಹಳ್ಳಿಮನೆಗೆ ಬಂದದ್ದು ಬಹುಶಃ ಸೈಕಲ್ಲಿಗಿಂತ ಮೊದಲು, ಹಂಚಿನ ಜೊತೆ.

ಇನ್ನು ಕಾರ್ಖಾನೆಯ ಜಾಗ ಗಮನಿಸಿ. ಯಾಕೆ ನದಿ ದಡ? ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಜೇಡಿಮಣ್ಣು. ಅದು ಬರುವುದು ದೋಣಿಯಲ್ಲಿ. ಸೌದೆ ಬರುವುದೂ ಹೊಳೆಯಲ್ಲೇ. ಮಣ್ಣು ಕಲಸಿ, ಹದ ಮಾಡಿ, ಅಚ್ಚಿಗೊತ್ತಿ, ಅಟ್ಟಣಿಗೆಗಳಲ್ಲಿ ನೆರಳಿಗೆ ಒಣಗಿಸಿ, ಭಟ್ಟಿಯಲ್ಲಿ ಸುಟ್ಟು, ಮತ್ತೆ ದೋಣಿ, ಬಂದರು, ಪತ್ತೆಮಾರಿ. ಭಾರದ ಸರಕು ನೆಲದ ಮೇಲೆ ಎಷ್ಟು ಕಡಿಮೆ ದೂರ ಹೋಗುತ್ತದೋ ಅಷ್ಟು ಲಾಭ. ಇದನ್ನೇ ನಮಗೆ 'ಪ್ಲಾಂಟ್ ಲೇಔಟ್' ಅಂತ ಒಂದು ಇಡೀ ಸೆಮಿಸ್ಟರ್ ಕಲಿಸಿದರು. ಪುಸ್ತಕದ ಉದಾಹರಣೆಗಳೆಲ್ಲ ಡೆಟ್ರಾಯಿಟ್‌ನವು. ಜಪ್ಪುವಿನ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ.

ಆದರೆ ಈ ಕಥೆಯಲ್ಲಿ ಕೈಗಳೂ ಇವೆ. ಮಿಷನ್ ಕಾರ್ಖಾನೆ ತೆಗೆದದ್ದು ಬರೀ ವ್ಯಾಪಾರಕ್ಕಲ್ಲ. ಮತಾಂತರವಾದವರಲ್ಲಿ ಹಲವರು ಬಿಲ್ಲವರು. ಕಳ್ಳು ಇಳಿಸುವ ಮೂರ್ತೆ ಕೆಲಸವನ್ನು ಮಿಷನ್ ಒಪ್ಪುತ್ತಿರಲಿಲ್ಲ, ಹಳೇ ಜಾತಿಯ ಆಸರೆಯೂ ತಪ್ಪಿತ್ತು. ಹೊಟ್ಟೆಗೆ ಏನು? ನೇಯ್ಗೆ, ಮುದ್ರಣ, ಹಂಚು ಈ ಪ್ರಶ್ನೆಗೆ ಉತ್ತರವಾಗಿ ಬಂದವು. ಸೂರ್ಯನನ್ನು ನೋಡಿ, ಮರದ ಹದ ನೋಡಿ ದುಡಿಯುತ್ತಿದ್ದವರು ಗಂಟೆ ನೋಡಿ ದುಡಿಯಬೇಕಾಯಿತು. ಹಂಚು ಹೊತ್ತವರಲ್ಲಿ ಬಹಳ ಮಂದಿ ಹೆಂಗಸರು. ಪ್ಲೆಬ್ಸ್ಟ್ ಹೆಸರು ಚರಿತ್ರೆಯಲ್ಲಿದೆ. ತಲೆ ಮೇಲೆ ಹಂಚು ಹೊತ್ತು ದಿನಕ್ಕೆ ಎಷ್ಟು ಸಲ ಅಟ್ಟ ಹತ್ತಿದೆ ಅಂತ ಹೇಳಬಲ್ಲ ಹೆಂಗಸಿನ ಹೆಸರಿಲ್ಲ.

ಕಸುಬು ಮಿಷನ್ನಿನ ಗೋಡೆಯೊಳಗೆ ಉಳಿಯಲಿಲ್ಲ. 1868ರಲ್ಲೇ ಪಾಣೆಮಂಗಳೂರಿನಲ್ಲಿ ಅಲ್ಬುಕರ್ಕ್ ಅವರ ಕಾರ್ಖಾನೆ ಬಂತು, ಆಮೇಲೆ ಹತ್ತಾರು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರು ಶತ್ರುಗಳಾದರು, ಮಿಷನ್ನಿನ ಉದ್ದಿಮೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಮಾಲೀಕ ಬದಲಾದ, ಅಚ್ಚು ಬದಲಾಗಲಿಲ್ಲ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಏನು ನಡೀತಿತ್ತು ಅನ್ನೋದು ತಿಳಿದರೆ ನಮ್ಮ ಹಂಚಿನ ಕಥೆ ಇನ್ನೊಂದು ತರಹ ಕಾಣುತ್ತದೆ. ಅಲ್ಲೂ ಶುರುವಾದದ್ದು ಸುಟ್ಟ ಮಣ್ಣಿನಿಂದಲೇ. ಫ್ರಾಂಕ್ ಗಿಲ್‌ಬ್ರೆತ್ ಅನ್ನುವ ಹುಡುಗ 1885ರಲ್ಲಿ ಇಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದ. ಕಲಿಸುವ ಮೇಸ್ತ್ರಿಗಳು ಒಬ್ಬೊಬ್ಬರು ಒಂದೊಂದು ರೀತಿ ಕಲಿಸುತ್ತಾರೆ! ಎಣಿಸಿ ನೋಡಿದ. ಒಂದು ಇಟ್ಟಿಗೆ ಇಡಲು 18 ಚಲನೆ. ಇಟ್ಟಿಗೆಯನ್ನು ನೆಲದ ಮೇಲಿಡದೆ ಸೊಂಟದ ಎತ್ತರಕ್ಕೆ ಬರುವಂತೆ ಅಟ್ಟಣೆ ಕಟ್ಟಿದ, ಗಾರೆ ಕೈಗೆಟಕುವಂತೆ ಇಟ್ಟ. ಚಲನೆ 5ಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವರು 350 ಇಟ್ಟರು. ಬೆನ್ನು ಬಗ್ಗುವುದು ತಪ್ಪಿತು ನೋಡಿ, ನನಗೆ ಮುಖ್ಯ ಅನ್ನಿಸೋದು ಅದು. ಅವನ ಹೆಂಡತಿ ಲಿಲಿಯನ್ ಮನಶ್ಶಾಸ್ತ್ರ ಓದಿದ್ದಾಕೆ. 1924ರಲ್ಲಿ ಗಂಡ ತೀರಿಕೊಂಡ ಮೇಲೆ ಮಕ್ಕಳ ದೊಡ್ಡ ಸಂಸಾರ ಹೊತ್ತುಕೊಂಡೇ ಅಡುಗೆಮನೆಗಳ ಕೆಲಸವನ್ನು ಅಭ್ಯಾಸ ಮಾಡಿದರು, 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಕಾಲಿನಿಂದ ಒತ್ತಿದರೆ ತೆರೆಯುವ ಕಸದ ಡಬ್ಬಿಯನ್ನು ಅವರ ಹೆಸರಿಗೇ ಬರೆಯುತ್ತಾರೆ.

ಇನ್ನೊಬ್ಬ ದೊಡ್ಡ ಹೆಸರು ಫ್ರೆಡರಿಕ್ ಟೇಲರ್. ಈ ವಿದ್ಯೆಯ ಪಿತಾಮಹ ಅಂತ ಪರೀಕ್ಷೆಯಲ್ಲಿ ಬರೆದಿದ್ದೀವಿ, ಎರಡು ಅಂಕಕ್ಕೆ. 1911ರ ತನ್ನ ಪುಸ್ತಕದಲ್ಲಿ ಅವನು ಒಂದು ಲೆಕ್ಕ ಕೊಡುತ್ತಾನೆ. ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದ ಕೂಲಿ, ಸ್ಟಾಪ್‌ವಾಚ್ ಹಿಡಿದು ಹೇಳಿಕೊಟ್ಟ ಮೇಲೆ ನಲವತ್ತೇಳೂವರೆ ಟನ್ ಹೊತ್ತ. ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರಿತು. ಟೇಲರ್ ಈ ಕಥೆಗೆ ಉಪ್ಪುಖಾರ ಹಚ್ಚಿದ್ದಾನೆ ಅಂತ ಮುಂದೆ ಇತಿಹಾಸಕಾರರು ತೋರಿಸಿದ್ದಾರೆ. ಅದು ಬಿಡಿ, ಅವನೇ ಕೊಟ್ಟ ಅಂಕಿಯನ್ನೇ ಕ್ಯಾಲ್ಕುಲೇಟರ್‌ಗೆ ಹಾಕಿ. ಕೆಲಸ 3.8 ಪಟ್ಟು. ಕೂಲಿ 1.6 ಪಟ್ಟು. ಮಧ್ಯದ್ದು ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ನಾನೊಬ್ಬನೇ ಕೇಳ್ತಿಲ್ಲ. ಅದೇ 1911ರಲ್ಲಿ ವಾಟರ್‌ಟೌನ್ ಅನ್ನುವಲ್ಲಿನ ಸರಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು, ತಮ್ಮ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತದ್ದಕ್ಕೆ ಕೆಲಸ ಬಿಟ್ಟು ಹೊರನಡೆದರು. ಅಮೆರಿಕದ ಸಂಸತ್ತು ಟೇಲರ್‌ನನ್ನೇ ಕರೆಸಿ ವಿಚಾರಿಸಿತು. 1915ರಲ್ಲಿ ಸರಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ತಡೆ ಬಿತ್ತು. ಇದು ನಮ್ಮ ಪರೀಕ್ಷೆಯಲ್ಲಿ ಎರಡು ಅಂಕಕ್ಕೂ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಗೂ ಈ ವಿದ್ಯೆ ಬೇಕಾಯಿತು. 1952ರಿಂದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರು ಬಂದು ನಮ್ಮ ಬಟ್ಟೆ ಗಿರಣಿಗಳಲ್ಲಿ, ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ತೋರಿಸಿಕೊಟ್ಟರು. 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ, 1963ರಲ್ಲಿ ಮುಂಬಯಿಯ ನಿಟಿ (ಈಗ ಅದು ಐಐಎಂ ಮುಂಬಯಿ). ಮಂಗಳೂರಿಗೆ ಅದಕ್ಕೂ ಮೊದಲೇ, 1960ರಲ್ಲಿ, ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ ಸುರತ್ಕಲ್ಲಿನ ಕಡಲ ತಡಿಯಲ್ಲಿ ಕೆಆರ್‌ಇಸಿ ಬಂತು. ಇವತ್ತಿನ ಎನ್‌ಐಟಿಕೆ. ಪಣಂಬೂರು, ಅದರ ಸುತ್ತಮುತ್ತ ಬಂದರು, ರಸಗೊಬ್ಬರ, ಕುದುರೆಮುಖದ ಅದಿರಿನ ಉಂಡೆ, ತೈಲ ಶುದ್ಧೀಕರಣ ಒಂದೊಂದಾಗಿ ಬಂದವು. ಹಡಗು ಎಷ್ಟು ಗಂಟೆ ನಿಂತಿತು, ಗೋಣಿಚೀಲ ಎಷ್ಟು ಕೈ ದಾಟಿತು ಅಂತ ಲೆಕ್ಕ ಹಾಕುವವರಿಗೆ ಕೆಲಸವೂ ಬಂತು.

ಈ ಕಲಿಕೆಯವರ ಬದುಕು ಮಾತ್ರ ಒಂದೇ ಹಳಿಯಲ್ಲಿ ಓಡುವುದಿಲ್ಲ. ಆಸ್ಪತ್ರೆಯ ಹೊರರೋಗಿ ಸರದಿ, ವಿಮಾನ ನಿಲ್ದಾಣದ ಬ್ಯಾಗೇಜು, ಉಗ್ರಾಣ, ಎಲ್ಲಾ ಕಡೆ ಇರ್ತಾರೆ. ನನ್ನಂಥವರು ಸ್ಟುಡಿಯೋದಲ್ಲಿ ಕೂತು ಸೆಕೆಂಡು ಎಣಿಸುತ್ತೇವೆ, ಬ್ರೇಕ್‌ಗೆ ಹೋಗೋ ಮುಂಚೆ ಅತಿಥಿಯ ಮಾತು ಕತ್ತರಿಸಿದ್ದಕ್ಕೆ ಬೈಸಿಕೊಳ್ಳುತ್ತೇವೆ. ಆದರೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದ ಮೂವರು ಯಾರು? ಉಪೇಂದ್ರ ಅನಂತ ಪೈ ವ್ಯಾಪಾರಿ, ಡಾಕ್ಟರ್ ಟಿ.ಎಂ.ಎ. ಪೈ ವೈದ್ಯರು, ವಾಮನ ಕುಡ್ವ ಇಂಜಿನಿಯರ್. ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕ ಕಾಲದಲ್ಲಿ ಅವರಿಗೆ ನೆರವಾಗಬೇಕು ಅಂತ ಹೊರಟ ಸಂಸ್ಥೆ ಅದು. 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆಯಿಂದ ಶುರು, ಏಜೆಂಟೇ ಬಾಗಿಲಿಗೆ ಬರುತ್ತಾನೆ.

ಇದನ್ನು ಬ್ಯಾಂಕಿಂಗ್ ಅಂತ ಮಾತ್ರ ನೋಡಬೇಡಿ, ಕೆಲಸದ ವಿನ್ಯಾಸ ಅಂತ ನೋಡಿ. ಎರಡಾಣೆ ಕಟ್ಟಲು ನೇಕಾರ ಅರ್ಧ ದಿನ ಮಗ್ಗ ಬಿಟ್ಟು ಪೇಟೆಗೆ ಹೋದರೆ ಉಳಿತಾಯಕ್ಕಿಂತ ನಷ್ಟವೇ ಜಾಸ್ತಿ. ನೂರು ಜನ ಒಂದು ಕಡೆ ನಡೆಯುವ ಬದಲು ಒಬ್ಬನೇ ನೂರು ಮನೆಗೆ ನಡೆದ. ಗಿಲ್‌ಬ್ರೆತ್ ಇಟ್ಟಿಗೆಯನ್ನು ಸೊಂಟದ ಎತ್ತರಕ್ಕೆ ತಂದ ಹಾಗೆ ಇವರು ಬ್ಯಾಂಕನ್ನು ಹೊಸ್ತಿಲಿಗೆ ತಂದರು. ಇಲ್ಲಿ ಉಳಿದ ಹೊತ್ತು ಬಡವನ ಹತ್ತಿರವೇ ಉಳಿಯಿತು. ಆ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಈಗ ಇದಕ್ಕೆ ತದ್ವಿರುದ್ಧ ಚಿತ್ರ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ 'ಐಇ' ಅಂದ್ರೆ ಹೊಲಿಯುವ ಪ್ರತಿ ಹೆಣ್ಣುಮಗಳಿಗೂ ಗೊತ್ತು. ಕಾಲರ್‌ಗೆ ಇಷ್ಟು ಸೆಕೆಂಡು, ಜೇಬಿಗೆ ಇಷ್ಟು ಸೆಕೆಂಡು ಅಂತ ಬರೆದುಕೊಳ್ಳುವ ಇಂಡಸ್ಟ್ರಿಯಲ್ ಇಂಜಿನಿಯರ್. ಅದರಿಂದ ಗಂಟೆಯ ಟಾರ್ಗೆಟ್ ಹುಟ್ಟುತ್ತದೆ. ಪಠ್ಯಪುಸ್ತಕದಲ್ಲಿ ಆ ಲೆಕ್ಕಕ್ಕೆ ಆಯಾಸದ, ನೀರು ಕುಡಿಯುವ, ಶೌಚಕ್ಕೆ ಹೋಗುವ ಸಮಯವನ್ನೂ ಸೇರಿಸಲೇಬೇಕು ಅಂತ ಸ್ಪಷ್ಟವಾಗಿದೆ. ನಾವೂ ಸೇರಿಸಿಯೇ ಅಂಕ ತಗೊಂಡಿದ್ದು.

ನಮ್ಮ ದಕ್ಷಿಣ ಕನ್ನಡದಲ್ಲಿ ಸ್ಟಾಪ್‌ವಾಚೂ ಬೇಕಾಗಲಿಲ್ಲ. ಇಲ್ಲಿ ಬೀಡಿ ಇದೆ. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತಲೆ ಮಡಚಿ, ನೂಲು ಕಟ್ಟುವ ಆ ಬೆರಳುಗಳನ್ನು ನೋಡಿದರೆ ಗಿಲ್‌ಬ್ರೆತ್ ದಂಪತಿ ಕ್ಯಾಮೆರಾ ಇಟ್ಟು ಕೂತುಬಿಡುತ್ತಿದ್ದರು. ತೆಗೆಯಲಿಕ್ಕೆ ಒಂದು ದಂಡ ಚಲನೆ ಇಲ್ಲ. ಆ ಬೆರಳಿಗೆ ಯಾರೂ ತರಬೇತಿ ಕೊಟ್ಟಿಲ್ಲ, ಅಮ್ಮನ ಪಕ್ಕ ಕೂತು ಕಲಿತದ್ದು. ಬೀಡಿ ಕಾರ್ಮಿಕರ ಕಾನೂನು 1966ರಲ್ಲೇ ಬಂದಿದೆ. ಆದರೆ ಕನಿಷ್ಠ ಕೂಲಿ ನಿಗದಿಯಾಗೋದು ಸಾವಿರ ಬೀಡಿಗೆ ಇಷ್ಟು ಅಂತ, ಗಂಟೆಗೆ ಇಷ್ಟು ಅಂತಲ್ಲ. ಸಾವಿರಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದು ಆಕೆಯ ತಲೆನೋವು. ರಾತ್ರಿ ಎಲೆ ನೆನೆಸಿಟ್ಟದ್ದು, ಮಳೆಯಲ್ಲಿ ಬೀಡಿ ತಂಡಿ ಹಿಡಿಯದಂತೆ ಕಾದದ್ದು, ಬ್ರಾಂಚಿಗೆ ನಡೆದದ್ದು, ಅಲ್ಲಿ ಸಾಲಿನಲ್ಲಿ ನಿಂತದ್ದು, ಕಳಪೆ ಅಂತ ಬದಿಗೆ ಸರಿಸಿದ್ದನ್ನು ನುಂಗಿಕೊಂಡದ್ದು, ಇದ್ಯಾವುದೂ ಆ ಸಾವಿರದೊಳಗೆ ಕಾಣುವುದಿಲ್ಲ.

ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಮಣ್ಣು ಸಿಗಲ್ಲ, ಸೌದೆ ಸಿಗಲ್ಲ, ಜನ ಸಿಗಲ್ಲ, ಮನೆಯವರಿಗೆ ಆರ್‌ಸಿಸಿಯೇ ಬೇಕು. ಆದರೂ ಭಾರತೀಯ ಮಾನಕ 654 ತೆಗೆದು ನೋಡಿ, 'ಮಂಗಳೂರು ಮಾದರಿ' ಅನ್ನುವ ಹೆಸರು ಇವತ್ತಿಗೂ ಅಲ್ಲಿದೆ. ಹಂಚು ಎಷ್ಟು ನೀರು ಹೀರಬಹುದು, ಎಷ್ಟು ಭಾರಕ್ಕೆ ಮುರಿಯಬಾರದು ಅಂತ ಎಲ್ಲಾ ಬರೆದಿಟ್ಟಿದ್ದಾರೆ.

ಕರಾವಳಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ವರ್ಷ ಕೊನೆಯ ಸೆಮಿಸ್ಟರ್‌ನ ಹುಡುಗರು ಪ್ರಾಜೆಕ್ಟ್ ಹುಡುಕಿಕೊಂಡು ಓಡಾಡ್ತಾರೆ, ರೆಡಿಮೇಡ್ ಪ್ರಾಜೆಕ್ಟ್‌ಗೆ ದುಡ್ಡನ್ನೂ ಸುರೀತಾರೆ. ಒಂದು ಪ್ರಾಜೆಕ್ಟ್ ನಾನು ಪುಕ್ಕಟೆ ಕೊಡ್ತೀನಿ. ಬೀಡಿ ಕಟ್ಟುವ ಒಬ್ಬ ಅಕ್ಕನ ಅನುಮತಿ ಕೇಳಿ ಅವರ ಜಗಲಿಯಲ್ಲಿ ಕೂತುಕೊಳ್ಳಿ. ಎಲೆ ನೆನೆಸಿದಲ್ಲಿಂದ ಬ್ರಾಂಚಿನಿಂದ ಮನೆಗೆ ವಾಪಸು ಬರುವ ತನಕ, ಪ್ರತಿ ನಿಮಿಷ ಬರೆಯಿರಿ. ಆಯಾಸದ ಭತ್ಯೆಯನ್ನು ಪುಸ್ತಕದಲ್ಲಿ ಇದ್ದ ಹಾಗೆ ಸೇರಿಸಿ. ಬಂದ ಒಟ್ಟು ಗಂಟೆಯಿಂದ ಆ ದಿನದ ಕೂಲಿಯನ್ನು ಭಾಗಿಸಿ, ಉತ್ತರವನ್ನು ನಮ್ಮ ಚಾನೆಲ್ಲಿಗೂ ಕಳಿಸಿ, ಕಾರ್ಮಿಕ ಇಲಾಖೆಗೂ ಕಳಿಸಿ.