ಬೋಡಿಮೆಟ್ಟಿನ ಗಡಿ, ಪೀಠದ ದ್ರಾಕ್ಷಾರಸ ಮತ್ತು ನಮ್ಮ ಬಾಟಲಿ



ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನಿಂದ ಮುನ್ನಾರಿಗೆ ಹೋಗುವ ಬಸ್ಸು ಹದಿನೇಳು ಕಡಿದಾದ ತಿರುವುಗಳನ್ನು ಹತ್ತಿದ ಮೇಲೆ ಬೋಡಿಮೆಟ್ಟು ಸಿಗುತ್ತದೆ. ಕೆಳಗೆ ತಮಿಳುನಾಡು, ಮುಂದೆ ಕೇರಳದ ಇಡುಕ್ಕಿ ಜಿಲ್ಲೆ. ನಾಲ್ಕು ಚಹಾ ಅಂಗಡಿ, ಏಲಕ್ಕಿ ತೋಟ, ಮಂಜು ಮತ್ತು ಚೆಕ್‌ಪೋಸ್ಟು. ಯಾರು ಏನನ್ನು ಹೊತ್ತು ಗಡಿ ದಾಟಬಹುದು, ಏನನ್ನು ದಾಟಿಸಬಾರದು ಎಂಬುದೇ ಈ ಪುಟ್ಟ ಊರಿನ ಚರಿತ್ರೆಯ ದೊಡ್ಡ ಭಾಗ. ಆ ಚರಿತ್ರೆಯಲ್ಲಿ ನಮ್ಮ ಬಲಿಪೂಜೆಯ ದ್ರಾಕ್ಷಾರಸಕ್ಕೂ ಒಂದು ಜಾಗವಿದೆ.

ಸ್ವಾತಂತ್ರ್ಯಕ್ಕೆ ಮೊದಲು ಇದು ಬರೀ ಜಿಲ್ಲೆಗಳ ಗಡಿಯಾಗಿರಲಿಲ್ಲ. ಮೇಲೆ ತಿರುವಾಂಕೂರು ಮಹಾರಾಜರ ಸಂಸ್ಥಾನ, ಕೆಳಗೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಮುನ್ನಾರಿನ ಚಹಾ ಪೆಟ್ಟಿಗೆಗಳು ಟಾಪ್ ಸ್ಟೇಷನ್ನಿನಿಂದ ರೋಪ್‌ವೇಯಲ್ಲಿ ಕೊಟ್ಟಗುಡಿಗೆ ಇಳಿದು ಬೋಡಿಗೆ ಬರುತ್ತಿದ್ದವು. ಮೇಲಿನ ಪುಟ್ಟ ರೈಲನ್ನು 1924ರ ಮಹಾಪ್ರವಾಹ ಕೊಚ್ಚಿಕೊಂಡು ಹೋಯಿತು. ಚಹಾ ದಾಟಿದರೆ ಯಾವ ಸರ್ಕಾರಕ್ಕೂ ನಷ್ಟವಿಲ್ಲ. ಮದ್ಯದ ವಿಷಯ ಹಾಗಲ್ಲ. ಒಂದು ಕಡೆ ಕೊಂಡ ಬಾಟಲಿ ಇನ್ನೊಂದು ಕಡೆ ಖಾಲಿಯಾದರೆ ಆ ಕಡೆಯ ಖಜಾನೆಗೆ ಅಬಕಾರಿ ಸುಂಕ ಬರುವುದಿಲ್ಲ. ಈ ಲೆಕ್ಕ ಎಷ್ಟು ಹಳೆಯದು ಎಂದರೆ ಕೇರಳದ ಅಬಕಾರಿ ಕಾಯ್ದೆಗೆ ಇಂದಿಗೂ ಕೊಲ್ಲಂ ವರ್ಷದ ಹೆಸರೇ ಇದೆ: 1077ರ 1ನೇ ಕಾಯ್ದೆ. ನಮ್ಮ ಲೆಕ್ಕದಲ್ಲಿ 1902ರ ಸುಮಾರು.

1937ರ ಅಕ್ಟೋಬರ್ 1ರಂದು ರಾಜಾಜಿಯವರು ತಮ್ಮ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಹೋದ ಆದಾಯ ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಈ ಒಂದು ಮಾತಿಗಾದರೂ ಅವರನ್ನು ಮೆಚ್ಚಬೇಕು ಎಂದು ನಮಗೆ ಅನ್ನಿಸುತ್ತದೆ. ಮದ್ಯ ಬೇಡ ಎಂದವರು ಆ ಹಣಕ್ಕೆ ಬೇರೆ ದಾರಿಯನ್ನೂ ಹುಡುಕಿದರು. ಯುದ್ಧಕಾಲದಲ್ಲಿ ಕೈಬಿಟ್ಟ ನಿಷೇಧ ಮತ್ತೆ ಬಂದು, 1948ರ ಗಾಂಧಿ ಜಯಂತಿಯ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹರಡಿತು. ಅಲ್ಲಿಂದ 1971ರವರೆಗೆ ಘಟ್ಟದ ಕೆಳಗಿನ ಬೋಡಿ, ತೇನಿ, ಕಂಬಂ ಎಲ್ಲ ಕಾನೂನಿನ ಪ್ರಕಾರ ಒಣ ಊರುಗಳು. ಘಟ್ಟದ ಮೇಲೆ ಬೇರೆ ಸರ್ಕಾರ, ಬೇರೆ ಕಾನೂನು. 17 ತಿರುವುಗಳ ಅಂತರದಲ್ಲಿ ಒಂದೇ ಬಾಟಲಿ ಸರಕೂ ಆಗುತ್ತಿತ್ತು, ಅಪರಾಧವೂ ಆಗುತ್ತಿತ್ತು.

ಹಾಗಾದರೆ ಬಲಿಪೂಜೆಗೆ ಏನು ಮಾಡಿದರು ಎಂದು ನೀವು ಕೇಳಬಹುದು. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ಕಲಮಿನ ಪ್ರಕಾರ ಪೀಠಕ್ಕೆ ತರುವ ದ್ರಾಕ್ಷಾರಸ ದ್ರಾಕ್ಷಿ ಹಣ್ಣಿನಿಂದಲೇ ಆದ, ಕೆಡದ, ಸಹಜ ರಸವಾಗಿರಬೇಕು. ಶರಬತ್ತು ನಡೆಯುವುದಿಲ್ಲ. ಆದ್ದರಿಂದ ಪಾನನಿಷೇಧ ಬಂದ ಕಡೆಯೆಲ್ಲ ಸರ್ಕಾರಗಳು ಪೂಜೆಯ ವೈನಿಗೆ ಪ್ರತ್ಯೇಕ ದಾರಿ ಬಿಡಬೇಕಾಯಿತು. ತಮಿಳುನಾಡಿನಲ್ಲಿ ಇದಕ್ಕಾಗಿಯೇ 1984ರ ಮಾಸ್ ವೈನ್ ನಿಯಮಗಳಿವೆ. ಅಮೆರಿಕ 1919ರಲ್ಲಿ ವೋಲ್‌ಸ್ಟೆಡ್ ಕಾಯ್ದೆಯಿಂದ ಮದ್ಯ ನಿಲ್ಲಿಸಿದಾಗಲೂ ಧಾರ್ಮಿಕ ದ್ರಾಕ್ಷಾರಸವನ್ನು ಹೊರಗಿಟ್ಟಿತು. ಅಲ್ಲಿ ಆದದ್ದು ನಮಗೆ ಹೆಮ್ಮೆಯ ವಿಷಯವಲ್ಲ. 1922ರಿಂದ 1924ರ ನಡುವೆ ಪೂಜೆಯ ಹೆಸರಿನಲ್ಲಿ ಹೊರಬಂದ ವೈನು ಸುಮಾರು 8 ಲಕ್ಷ ಗ್ಯಾಲನ್ ಏರಿತು. ಎರಡು ವರ್ಷದಲ್ಲಿ ಭಕ್ತಿ ಅಷ್ಟು ಹೆಚ್ಚಿತೆಂದು ಅಲ್ಲಿನ ಕ್ರೈಸ್ತ ಸಭೆಗಳೇ ನಂಬಲಿಲ್ಲ.

ದ್ರಾಕ್ಷಿಯ ಮಾತು ಬಂದಾಗ ಕಂಬಂ ಕಣಿವೆಯನ್ನು ಬಿಡುವ ಹಾಗಿಲ್ಲ. ಬೋಡಿಯಿಂದ ಸ್ವಲ್ಪ ದಕ್ಷಿಣಕ್ಕಿರುವ ಈ ಕಣಿವೆಯಲ್ಲಿ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಅಲ್ಲಿನ 'ಪನ್ನೀರ್ ದ್ರಾಕ್ಷಿ'ಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ತಳಿಯನ್ನು 1832ರಲ್ಲಿ ತಮಿಳು ನಾಡಿಗೆ ತಂದವರು ಒಬ್ಬ ಫ್ರೆಂಚ್ ಗುರುಗಳು ಎಂಬುದು ಅಲ್ಲಿ ಹೇಳಿಕೊಂಡು ಬಂದಿರುವ ಚರಿತ್ರೆ. ತಿನ್ನಲು, ಜ್ಯೂಸಿಗೆ, ವೈನಿಗೆ ಎಲ್ಲಕ್ಕೂ ಆಗುವ ಹಣ್ಣು. ರಾಯಪ್ಪನ್‌ಪಟ್ಟಿಯಂಥ ಊರುಗಳ ಕ್ರೈಸ್ತ ಕುಟುಂಬಗಳಿಗೆ ದ್ರಾಕ್ಷಿ ಬಳ್ಳಿ ಎಂದರೆ ಸುವಾರ್ತೆಯ ಸಾಮತಿಯಷ್ಟೇ ಅಲ್ಲ, ಹೊಟ್ಟೆಪಾಡು ಕೂಡ. ಅಂದಹಾಗೆ ಇದೇ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಕಪ್ಪಿಲಿಯ ಗೌಡರೂ ಇದ್ದಾರೆ. ಅಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ಬೆಚ್ಚಬೇಡಿ.

'ನಮ್ಮ ಬಾಟಲಿ ನಾವು ತರಬಹುದೇ' ಎಂಬ ಪ್ರಶ್ನೆ ಅತಿ ಜೋರಾಗಿ ಎದ್ದದ್ದು ಘಟ್ಟದಲ್ಲಲ್ಲ, ಸಮುದ್ರದಲ್ಲಿ. ಅಮೆರಿಕ ಒಣಗಿದ ಕಾಲದಲ್ಲಿ ಬ್ರಿಟಿಷ್ ಹಡಗುಗಳು ತಮ್ಮ ಪ್ರಯಾಣಿಕರಿಗಾಗಿ ಮದ್ಯ ಹೊತ್ತು ನ್ಯೂಯಾರ್ಕಿಗೆ ಬರುತ್ತಿದ್ದವು. ಬಂದರಿನಲ್ಲಿ ಬೀಗ ಹಾಕಿಟ್ಟರೆ ಸಾಕಲ್ಲವೇ ಎಂಬುದು ಕ್ಯುನಾರ್ಡ್ ಕಂಪನಿಯ ವಾದ. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಾಲದು ಎಂದಿತು. ತೀರದ ಮೂರು ಮೈಲಿಯೊಳಗೆ ಮುದ್ರೆ ಹಾಕಿದ ಬಾಟಲಿಯೂ ಕೂಡದು. ಮರುವರ್ಷ ಬ್ರಿಟನ್ನಿನ ಜೊತೆ ಒಪ್ಪಂದವಾಗಿ, ಮುದ್ರೆ ಇದ್ದರೆ ಪರವಾಗಿಲ್ಲ ಎಂದು ತೀರ್ಮಾನವಾಯಿತು. ಇಂದಿನ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಪಾನನಿಷೇಧವಂತೂ ಇಲ್ಲ. ಆದರೂ ಹಲವು ಕಂಪನಿಗಳು ಹತ್ತುವ ದಿನ ಒಬ್ಬ ವಯಸ್ಕನಿಗೆ 750 ಮಿಲಿಯ ಒಂದು ವೈನ್ ಬಾಟಲಿಗೆ ಮಾತ್ರ ಒಪ್ಪುತ್ತವೆ. ಅದನ್ನು ಊಟದ ಸಾಲೆಯಲ್ಲಿ ತೆರೆದರೆ ಬಿರಡೆ ತೆಗೆದದ್ದಕ್ಕೂ ದುಡ್ಡು. 2015ರಲ್ಲಿ ಕಾರ್ನಿವಲ್ ಕಂಪನಿ ನೀರಿನ ಬಾಟಲಿ ತರುವುದನ್ನೂ ನಿಲ್ಲಿಸಿತು, ಏಕೆಂದರೆ ಜನ ಅದರಲ್ಲಿ ನೀರಿನಂತೆ ಕಾಣುವ ಬೇರೆಯದನ್ನು ತುಂಬಿ ತರುತ್ತಿದ್ದರು! ಸುರಕ್ಷತೆ ಒಂದು ಕಾರಣ, ನಿಜ. ಆದರೆ ಹಡಗಿನ ಬಾರಿನಲ್ಲೇ ಕೊಳ್ಳಲಿ ಎಂಬುದು ಅದಕ್ಕಿಂತ ದೊಡ್ಡ ಕಾರಣ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಈ ಲೆಕ್ಕವನ್ನೇ ಹಿಡಿದು ಬೋಡಿಮೆಟ್ಟನ್ನು ನೋಡಿ. ತಮಿಳುನಾಡು 1971ರಲ್ಲಿ ನಿಷೇಧ ಸಡಿಲಿಸಿತು, ಮತ್ತೆ ಬಿಗಿ ಮಾಡಿತು, ಮತ್ತೆ ಬಿಟ್ಟಿತು. 1983ರಲ್ಲಿ ಟಾಸ್ಮಾಕ್ ಹುಟ್ಟಿತು. 2003ರಿಂದ ಚಿಲ್ಲರೆ ಮಾರಾಟವೂ ಅದರ ಕೈಗೆ ಬಂತು. ಕೇರಳ 1996ರ ಏಪ್ರಿಲ್ 1ರಿಂದ ಸಾರಾಯಿ ನಿಲ್ಲಿಸಿದರೂ ಉಳಿದ ಮದ್ಯವನ್ನು ತನ್ನ ನಿಗಮದ ಮೂಲಕ ಮಾರುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. ಮದ್ಯವನ್ನು ಮಾತ್ರ ಜಿಎಸ್‌ಟಿಯ ಹೊರಗಿಟ್ಟರು. ಹಾಗಾಗಿ ಅಬಕಾರಿ ಚೆಕ್‌ಪೋಸ್ಟು ಉಳಿಯಿತು. ಏಲಕ್ಕಿ ಲಾರಿಗೆ ಗಡಿ ಹೋಯಿತು, ಬಾಟಲಿಗೆ ಹೋಗಲಿಲ್ಲ.

ಈ ಬಾರಿಯ ನಮ್ಮ ಮುನ್ನಾರ್ ಪ್ರವಾಸ ಇದೇ ದಾರಿಯಲ್ಲಿ ಎಂದು ತಿಳಿದ ಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಕೇರಳದಲ್ಲಿ 3 ಲೀಟರ್ ತನಕ ಇಟ್ಟುಕೊಳ್ಳಬಹುದಂತೆ" ಎಂಬ ಸಂದೇಶ ಓಡಾಡಿತು. ಅರ್ಧ ಮಾತು ಸರಿ. ವಿದೇಶಿ ಮಾದರಿಯ ಮದ್ಯಕ್ಕೆ 3 ಲೀಟರ್ ಎಂಬ ಮಿತಿ ಕೇರಳದಲ್ಲೇ ಸುಂಕ ಕಟ್ಟಿ ಕೊಂಡದ್ದಕ್ಕೆ. ಹೊರರಾಜ್ಯದ ಬಾಟಲಿಯನ್ನು ಒಳಗೆ ತಂದರೆ ಕಾನೂನು ಅದನ್ನು ಆಮದು ಎಂದೇ ನೋಡುತ್ತದೆ, ಅದಕ್ಕೆ ಅನುಮತಿ ಬೇಕು. ಇನ್ನೊಂದು ಮಾತು: ಕೇರಳದಲ್ಲಿ ಮದ್ಯ ಕೊಳ್ಳಲು 23 ವರ್ಷ ತುಂಬಿರಬೇಕು. ನಮ್ಮ ಬಸ್ಸಿನಲ್ಲಿ ಹೆಚ್ಚಿನವರಿಗೆ ಅಷ್ಟು ವಯಸ್ಸಾಗಿಲ್ಲ.

ಕಾನೂನು ಬಾಟಲಿಯನ್ನು ಯಾವ ಅಂಗಡಿಯಲ್ಲಿ ಕೊಂಡದ್ದು ಎಂದು ಕೇಳುತ್ತದೆ. ಅದು ಯಾವ ಮನೆಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಸಂಬಳದ ದಿನ ಅಪ್ಪ ಎಷ್ಟು ಹೊತ್ತಿಗೆ ಬರುತ್ತಾರೋ ಎಂದು ಬಾಗಿಲು ನೋಡುತ್ತ ಕೂರುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲೂ ಇವೆ. ಆ ಮನೆಯ ಮಕ್ಕಳೂ ಇದೇ ಬಸ್ಸಿನಲ್ಲಿ ಬರುತ್ತಾರೆ. 2014ರಲ್ಲಿ ಕೇರಳ ಸರ್ಕಾರ ಬಾರುಗಳನ್ನು ಮುಚ್ಚಿಸಲು ಹೊರಟಾಗ ಅಲ್ಲಿನ ಧರ್ಮಸಭೆ ಬೆಂಬಲಿಸಿತು. ಕೂಡಲೇ 'ಹಾಗಾದರೆ ಇಗರ್ಜಿಯ ವೈನಿಗೆ ಯಾಕೆ ವಿನಾಯಿತಿ' ಎಂಬ ಪ್ರಶ್ನೆಯೂ ಎದ್ದಿತು. ಪೀಠದ ಮೇಲಿನ ಕೆಲವೇ ಹನಿಗಳನ್ನು ಸರ್ಕಾರಗಳು ನಂಬಿಕೆಯ ಮೇಲೆ ಬಿಟ್ಟಿವೆ. ಅಮೆರಿಕದ ಆ 8 ಲಕ್ಷ ಗ್ಯಾಲನ್ ನೆನಪಿದ್ದವರು ಆ ಪ್ರಶ್ನೆಗೆ ಸಿಟ್ಟಾಗಲಾರರು. ಉತ್ತರ ಕೊಡಬೇಕಾದದ್ದು ನಮ್ಮ ನಡತೆ, ಪತ್ರಿಕಾ ಹೇಳಿಕೆಯಲ್ಲ.

ಆದ್ದರಿಂದ ಬಸ್ಸಿನಲ್ಲಿ ಬಾಟಲಿ ಬೇಡ ಎಂದು ಯುವಸಂಘದ ಸಭೆಯಲ್ಲಿ ತೀರ್ಮಾನವಾಗಿದೆ. ನೀರಿನ ಬಾಟಲಿ ತನ್ನಿ, ಅದರಲ್ಲಿ ನೀರೇ ಇರಲಿ. ಘಟ್ಟದ ತಿರುವುಗಳಲ್ಲಿ ವಾಂತಿ ಬರುವವರು ಲಿಂಬೆಹಣ್ಣು ಇಟ್ಟುಕೊಳ್ಳಿ. ಭಾನುವಾರದ ಬಲಿಪೂಜೆಗೆ ಮುನ್ನಾರಿನ ಮೌಂಟ್ ಕಾರ್ಮೆಲ್ ದೇವಾಲಯಕ್ಕೆ ಹೋಗುತ್ತೇವೆ. 1898ರಿಂದ ಆ ಬೆಟ್ಟದ ತೋಟದ ಕೂಲಿಕಾರರಿಗೆ ಆಸರೆಯಾದ ದೇವಾಲಯವದು. ದ್ರಾಕ್ಷಾರಸ ಅಲ್ಲೇ ಇರುತ್ತದೆ, ನಾವು ಹೊತ್ತುಕೊಂಡು ಹೋಗಬೇಕಾಗಿಲ್ಲ.